ಋಣವಿಮೋಚನೆಯ ಮೂರು ದಾರಿಗಳು

ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತು ಬರುವನೆಂದು ವೈದಿಕ ವಾಙ್ಮಯವು ಹೇಳುತ್ತದೆ. ಯಜ್ಞದಿಂದ ಒಂದನ್ನೂ, ಅಧ್ಯಯನದಿಂದ ಇನ್ನೊಂದನ್ನೂ, ಸಂತಾನದಿಂದ ಮತ್ತೊಂದನ್ನೂ ತೀರಿಸಬಹುದು. ಆದರೆ ಸಾವಕಾರನ ಕಡತದಲ್ಲಿರುವ ನಾಲ್ಕನೆಯ ಋಣವು ಹಣದಿಂದಲ್ಲದೆ ಬೇರೆ ಯಾವುದರಿಂದಲೂ ತೀರತಕ್ಕುದಲ್ಲ. ಈ ಲೌಕಿಕ ಋಣವನ್ನು ಸ್ಮೃತಿಕಾರರು ಅಲ್ಪವೆಂದು ತಳ್ಳಿಬಿಡಲಿಲ್ಲ. ವ್ಯವಹಾರಗಳ ಹದಿನೆಂಟು ಪದಗಳನ್ನು ಎಣಿಸುವಾಗ ಮನುವು ಋಣಾದಾನಕ್ಕೇ ಮೊದಲನೆಯ ಸ್ಥಾನವನ್ನು ಕೊಟ್ಟಿದ್ದಾನೆ. ತಂದೆಯ ಸಾಲವನ್ನು ಮಗನೂ ಮೊಮ್ಮಗನೂ ತೀರಿಸಬೇಕೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಸಾಲಗಾರನು ಹಣವನ್ನು ಕೊಟ್ಟ ಹಾಗೆಲ್ಲ ಸಾಲಪತ್ರದ ಬೆನ್ನಮೇಲೆ ಅದನ್ನು ಬರೆಯಬೇಕು, ಇಲ್ಲವೆ ಧನಿಕನು ತನ್ನ ಕೈಬರಹದ ರಸೀತಿಯನ್ನು ಕೊಡಬೇಕು, ಸಾಲವೆಲ್ಲ ಸಂದ ಮೇಲೆ ಪತ್ರವನ್ನು ಹರಿದುಹಾಕಬೇಕು ಎಂಬ ವಿಧಿಗಳೂ ಆ ಸ್ಮೃತಿಯಲ್ಲಿಯೇ ಇವೆ.

ಈ ವಿಧಿಗಳನ್ನು ಪರ್ಯಾಲೋಚಿಸಿದರೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ಸಾಲಗಾರನು ತನ್ನ ಸಾಲಪತ್ರವನ್ನು ಆಗಾಗ ಕಣ್ಣಾರೆ ನೋಡುವನೆಂದು ಸ್ಮೃತಿಕಾರರು ನಂಬಿದ್ದರು. ಲೋಕದ ರೂಢಿಯಾದರೋ ಇದಕ್ಕೆ ವಿಪರೀತವಾದುದು. ಸಾಲವು ಹೆಚ್ಚಿದಂತೆಲ್ಲ ಸಾಲಗಾರನಿಗೆ ಅದರ ಮೊತ್ತವನ್ನು ಕೇಳುವ ಧೈರ್ಯವೇ ಕುಗ್ಗುತ್ತದೆ. ಲೆಕ್ಕವನ್ನು ಕೇಳಿದರೆ ಸಾವಕಾರನಿಗೆ ಸಿಟ್ಟು ಬಂದೀತೆಂಬ ಭಯವೊಂದು, ನೆರೆಹೊರೆಯವರಿಗೆ ತಿಳಿದರೆ ಮರ್ಯಾದೆ ಹೋದೀತೆಂಬ ಲಜ್ಜೆಯೊಂದು, ಮುಂದಿನ ಸುಗ್ಗಿಯಲ್ಲಿ ಎಲ್ಲವೂ ಸರಿಹೋದೀತೆಂಬ ಆಸೆಯೊಂದು. ಇವು ಮೂರೂ ಸೇರಿ ಅವನ ಕಣ್ಣನ್ನು ಮುಚ್ಚುತ್ತವೆ. ಬಡ್ಡಿಯು ಮಾತ್ರ ಕಣ್ಣು ಮುಚ್ಚುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಖ್ಖನಿನ ಒಕ್ಕಲಿಗರು ಈ ಸಂಕಟದಿಂದ ಬಿಡಿಸಿಕೊಳ್ಳಲು ಒಂದರ ಮೇಲೊಂದರಂತೆ ಮೂರು ದಾರಿಗಳನ್ನು ಕಂಡರು. ಮೊದಲನೆಯದು ಬೆಂಕಿಯ ದಾರಿ, ಎರಡನೆಯದು ಕಾಯಿದೆಯ ದಾರಿ, ಮೂರನೆಯದು ನೆರೆಯವರ ದಾರಿ.

೧

ಮುಂಬಯಿ ಇಲಾಖೆಯಲ್ಲಿ ರೈತವಾರಿ ಪದ್ಧತಿಯು ಜಾರಿಗೆ ಬಂದ ಮೇಲೆ ಒಕ್ಕಲಿಗನು ಸರಕಾರದ ಕಂದಾಯವನ್ನು ನಗದು ಹಣದಲ್ಲಿ, ಗೊತ್ತಾದ ಕಾಲಕ್ಕೆ, ತಾನೇ ಸಲ್ಲಿಸಬೇಕಾಯಿತು. ಮಳೆಯು ಬಂದರೂ ಬಾರದಿದ್ದರೂ ಕಂತು ತಪ್ಪುವಂತಿರಲಿಲ್ಲ. ಆದುದರಿಂದ ಬಿತ್ತನೆಯ ಬೀಜಕ್ಕೆ, ಎತ್ತಿಗೆ, ಮದುವೆಗೆ ಮಾತ್ರವಲ್ಲದೆ ಕಂದಾಯಕ್ಕೂ ಸಾವಕಾರನ ಬಾಗಿಲಿಗೆ ಹೋಗುವುದು ಅನಿವಾರ್ಯವಾಯಿತು. ೧೮೬೧ರಲ್ಲಿ ಅಮೇರಿಕದ ಅಂತರ್ಯುದ್ಧವು ಆರಂಭವಾಗಿ, ಅಲ್ಲಿಯ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ಬಾರದಂತಾಯಿತು. ಆಗ ಹಿಂದುಸ್ಥಾನದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆಯು ಬಂದಿತು. ಸಾವಕಾರರು ಕೇಳಿದಷ್ಟು ಹಣವನ್ನು ಕೊಟ್ಟರು. ಒಕ್ಕಲಿಗರು ಕೊಟ್ಟಷ್ಟನ್ನು ತೆಗೆದುಕೊಂಡರು. ೧೮೬೫ರಲ್ಲಿ ಯುದ್ಧವು ಮುಗಿಯಿತು. ಹತ್ತಿಯ ಬೆಲೆಯು ಇಳಿಯಿತು, ಸಾಲವು ಇಳಿಯಲಿಲ್ಲ. ಅದೇ ಸಮಯಕ್ಕೆ ಮೂವತ್ತು ವರ್ಷಗಳ ಕರಾರು ತೀರಿದ ತಾಲೂಕುಗಳಲ್ಲಿ ಕಂದಾಯದ ದರವು ಏರಿಸಲ್ಪಟ್ಟಿತು.

ಇದರ ಮೇಲೆ, ಒಳ್ಳೆಯ ಉದ್ದೇಶದಿಂದ ಮಾಡಿದ ಒಂದು ಕಾಯಿದೆಯೂ ಸಾಲಗಾರನಿಗೆ ಮುಳುವಾಯಿತು. ಹಳೆಯ ಸಾಲಗಳು ಬಹುಕಾಲ ಬೆಳೆಯಬಾರದೆಂದು ೧೮೫೯ರ ಅವಧಿಯ ಕಾಯಿದೆಯು ಸಾಮಾನ್ಯ ಸಾಲಪತ್ರಕ್ಕೆ ಮೂರು ವರ್ಷಗಳ ಆಯುಷ್ಯವನ್ನು ಮಾತ್ರ ಕೊಟ್ಟಿತು. ಸಾವಕಾರರು ಇದಕ್ಕೆ ಉಪಾಯವನ್ನು ಕಂಡುಕೊಂಡರು. ಮೂರು ವರ್ಷಗಳು ತುಂಬುವುದರೊಳಗೆ ಸಾಲಗಾರನನ್ನು ಕರೆಯಿಸಿ, ಅಸಲಿಗೆ ಬಡ್ಡಿಯನ್ನು ಸೇರಿಸಿ, ಆ ಮೊತ್ತವನ್ನೇ ಹೊಸ ಅಸಲೆಂದು ಬರೆದು, ಹೊಸ ಪತ್ರವನ್ನು ಮಾಡಿಸಿಕೊಳ್ಳತೊಡಗಿದರು. ಅಕ್ಷರವನ್ನರಿಯದ ಒಕ್ಕಲಿಗನು ಪತ್ರದ ಕೆಳಗೆ ನೇಗಿಲಿನ ಗುರುತನ್ನು ಹಾಕಿ ಮನೆಗೆ ಬರುತ್ತಿದ್ದನು. ಒಂದು ಸಲಕ್ಕೆ ಪಡೆಯುವ ಬಡ್ಡಿಯು ಅಸಲನ್ನು ಮೀರಬಾರದೆಂಬ ಪುರಾತನ ನಿಯಮವು ‘ದಾಮದುಪ್ಪಟ’ವೆಂಬ ಹೆಸರಿನಿಂದ ಮುಂಬಯಿಯ ನ್ಯಾಯಾಲಯಗಳಲ್ಲಿ ಹಿಂದೂಗಳ ಮಟ್ಟಿಗೆ ಮನ್ನಣೆಯನ್ನು ಪಡೆದಿತ್ತು. ಆದರೆ ಬಡ್ಡಿಯೇ ಹೊಸ ಪತ್ರದಲ್ಲಿ ಅಸಲಿನ ವೇಷವನ್ನು ಧರಿಸಿ ನಿಂತಾಗ ಆ ನಿಯಮವು ಮೂಕವಾಗುತ್ತಿತ್ತು.

ಈ ವೇಷದ ಫಲವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ವರ್ಷಕ್ಕೆ ನೂರಕ್ಕೆ ೨೪ ರೂಪಾಯಿ ಬಡ್ಡಿಯಂತೆ ಒಬ್ಬನು ೧೦೦ ರೂಪಾಯಿಗಳನ್ನು ತಂದನೆಂದಿಟ್ಟುಕೊಳ್ಳೋಣ. ಮೂರು ವರ್ಷಗಳ ತರುವಾಯ ಹೊಸ ಪತ್ರದ ಅಸಲು ೧೭೨ ರೂಪಾಯಿ. ಆರು ವರ್ಷಗಳಿಗೆ ಅದು ೨೯೫ ರೂಪಾಯಿಗಳನ್ನು ಮೀರುತ್ತದೆ. ಒಂಬತ್ತನೆಯ ವರ್ಷದ ಕೊನೆಗೆ ೫೦೮ ರೂಪಾಯಿಗಳಿಗೂ ಮಿಗಿಲಾಗುತ್ತದೆ. ಮೂರು ಸಲ ನೇಗಿಲಿನ ಗುರುತನ್ನು ಹಾಕಿದುದಲ್ಲದೆ ಬೇರೆ ಒಂದು ಕಾಸನ್ನೂ ಪಡೆಯದ ಒಕ್ಕಲಿಗನ ಸಾಲವು ಐದುಮಡಿಯಾಯಿತು. ನಡುವೆ ಅವನು ಕಾಳಿನ ರೂಪದಿಂದಲೋ ಹತ್ತಿಯ ರೂಪದಿಂದಲೋ ಕೊಟ್ಟುದಕ್ಕೆ ರಸೀತಿಯೂ ಇರುತ್ತಿರಲಿಲ್ಲ. ಯಾಜ್ಞವಲ್ಕ್ಯನು ಬರೆಯಬೇಕೆಂದ ಪತ್ರದ ಬೆನ್ನು ಬರಿದಾಗಿಯೇ ಉಳಿಯುತ್ತಿತ್ತು.

೨

೧೮೭೫ನೆಯ ಮೇ ತಿಂಗಳ ೧೨ನೆಯ ದಿನ ಪುಣೆ ಜಿಲ್ಲೆಯ ಸೂಪೆಯೆಂಬ ಪೇಟೆಯ ಊರಿನಲ್ಲಿ ಸುತ್ತಮುತ್ತಲಿನ ಒಕ್ಕಲಿಗರು ನೆರೆದು ಸಾವಕಾರರ ಅಂಗಡಿಗಳ ಮೇಲೆ ಬಿದ್ದರು. ಧಾನ್ಯದ ಅಂಗಡಿಗಳ ಸೂರೆಯೂ, ಕೆಲವೆಡೆ ಮನೆಗಳಿಗೆ ಬೆಂಕಿ ಹಚ್ಚುವುದೂ ನಡೆದವು. ಆದರೆ ಜನರು ಮುಖ್ಯವಾಗಿ ಕೇಳಿದುದು ಕಾಗದಗಳನ್ನು. ಸಾಲಪತ್ರ, ಖಾತೆಯ ವಹಿ, ನ್ಯಾಯಾಲಯದ ಹುಕುಮುನಾಮೆ ಇವುಗಳನ್ನು ಹೊರಕ್ಕೆ ತರಿಸಿ ಬೀದಿಯಲ್ಲಿ ಸುಟ್ಟರು. ಪತ್ರಗಳನ್ನು ಒಪ್ಪಿಸಿದ ಸಾವಕಾರನಿಗೆ ದೇಹದಂಡನೆಯನ್ನು ಮಾಡಿದುದು ವಿರಳ. ಈ ದಂಗೆಯು ಅಹಮದನಗರ ಜಿಲ್ಲೆಗೂ ಹಬ್ಬಿ ಮೂವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಮುಟ್ಟಿತು. ದಂಡೂ ಪೋಲೀಸರೂ ಬಂದು ಅದನ್ನಡಗಿಸಿದರು.

ಬೆಂಕಿಯ ಈ ದಾರಿಯಲ್ಲಿ ಧರ್ಮಾಧರ್ಮಗಳ ವಿಚಾರವನ್ನು ಬದಿಗಿಟ್ಟು ಫಲವನ್ನಷ್ಟೇ ನೋಡಿದರೂ ಅದರ ಕೊರತೆಯು ಕಾಣುತ್ತದೆ. ತಾನು ನಿಜವಾಗಿ ಎಷ್ಟು ತಂದಿದ್ದೆನು, ಎಷ್ಟು ಕೊಟ್ಟಿದ್ದೆನು, ನ್ಯಾಯವಾಗಿ ಇನ್ನೆಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಬೂದಿಯು ಉತ್ತರವನ್ನು ಕೊಡಲಾರದು. ಅನ್ಯಾಯದ ಲೆಕ್ಕದೊಡನೆ ನ್ಯಾಯದ ಲೆಕ್ಕವೂ ಸುಟ್ಟುಹೋಯಿತು. ಮೃಗಶಿರೆಯ ಮಳೆಯು ಬರುವ ಹೊತ್ತಿಗೆ ಬೀಜದ ಕಾಳಿಗಾಗಿ ಅದೇ ಒಕ್ಕಲಿಗನು ಹೋಗಬೇಕಾದ ಬಾಗಿಲು ಬೇರೆ ಯಾವುದಿತ್ತು?

೩

ದಂಗೆಯ ಕಾರಣಗಳನ್ನು ವಿಚಾರಿಸಲು ಸರಕಾರವು ಒಂದು ಮಂಡಲಿಯನ್ನು ನೇಮಿಸಿತು. ಅದರ ವರದಿಯ ತರುವಾಯ, ೧೮೭೬ರಿಂದ ೧೮೭೮ರ ವರೆಗಿನ ಘೋರ ಕ್ಷಾಮವೂ ಕಳೆದ ಮೇಲೆ, ೧೮೭೯ರಲ್ಲಿ ದಖ್ಖನಿನ ಒಕ್ಕಲಿಗರ ಪರಿಹಾರದ ಕಾಯಿದೆಯು ಹೊರಟಿತು. ಮೊದಲು ಪುಣೆ, ಸಾತಾರೆ, ಸೋಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಿಗೆ ಅದು ಅನ್ವಯಿಸಿತು. ಈ ಕಾಯಿದೆಯು ಹಲವು ಅಂಶಗಳಲ್ಲಿ ಸ್ಮೃತಿಗಳನ್ನು ನೆನಪಿಗೆ ತರುತ್ತದೆ. ಒಕ್ಕಲಿಗನು ಕೊಟ್ಟ ಹಣಕ್ಕೆ ಬರಹದ ರಸೀತಿಯನ್ನು ಪಡೆಯುವ ಹಕ್ಕು, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿಯನ್ನು ಕೇಳುವ ಹಕ್ಕು, ತನ್ನ ಕೈಯಲ್ಲಿ ಲೆಕ್ಕದ ಪುಸ್ತಕವೊಂದನ್ನು ಇಟ್ಟುಕೊಂಡು ಅದರಲ್ಲಿ ಕಾಲಕಾಲಕ್ಕೆ ಬರೆಯಿಸಿಕೊಳ್ಳುವ ಹಕ್ಕು ಅವನಿಗೆ ದೊರೆತವು. ಸಾಲಪತ್ರಗಳನ್ನು ಗ್ರಾಮದ ನೋಂದಣಿ ಅಧಿಕಾರಿಯ ಮುಂದೆ ಬರೆಯಿಸಬೇಕಾಯಿತು. ಕಡೆಯ ಪತ್ರದಲ್ಲಿರುವ ಮೊತ್ತವನ್ನೇ ಪ್ರಮಾಣವೆಂದು ನಂಬದೆ, ವ್ಯವಹಾರದ ಮೂಲದವರೆಗೂ ಹೋಗಿ ವಿಚಾರಿಸುವ ಅಧಿಕಾರವು ನ್ಯಾಯಾಧೀಶನಿಗೆ ಬಂದಿತು. ಸಾಲಕ್ಕಾಗಿ ಒಕ್ಕಲಿಗನನ್ನು ಸೆರೆಯಲ್ಲಿಡುವುದು ನಿಂತಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಈ ಕಾಯಿದೆಯ ವಿಶೇಷ ನ್ಯಾಯಾಧೀಶರಾಗಿ ಕೆಲಸ ಮಾಡಿದರು.

ಕಾಯಿದೆಯಿಂದ ಅನೇಕ ಕುಟುಂಬಗಳ ಹೊಲಗಳು ಉಳಿದವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅದು ರೋಗದ ಬೇರನ್ನು ಮುಟ್ಟಲಿಲ್ಲ. ಹಕ್ಕೆಂಬುದು ಕೇಳುವವನಿಗೆ ಮಾತ್ರ ಫಲಿಸುತ್ತದೆ. ನಾಳೆಯ ಸಾಲವನ್ನು ಯಾರಿಂದ ಬೇಡಬೇಕೋ ಅವನೆದುರಿಗೆ ನಿಂತು, ಇಂದು ಒಬ್ಬಂಟಿಗನಾಗಿ ಲೆಕ್ಕದ ಪಟ್ಟಿಯನ್ನು ಕೇಳುವ ಎದೆಗಾರಿಕೆಯು ಎಷ್ಟು ಜನರಿಗಿದ್ದೀತು? ಇತ್ತ ಸಾವಕಾರರೂ ಜಾಣರಾದರು. ಅಡವಿನ ವ್ಯವಹಾರವನ್ನು ಕ್ರಯಪತ್ರವೆಂದು ಬರೆಯಿಸಿಕೊಂಡು, ಹಣ ಬಂದರೆ ಹೊಲವನ್ನು ಮರಳಿ ಕೊಡುವೆವೆಂದು ಬಾಯಿಮಾತಿನಲ್ಲಿ ಹೇಳುವ ಪದ್ಧತಿಯು ಹಬ್ಬಿತು. ಮಾತು ಗಾಳಿಗೆ ಹೋಯಿತು. ಹೊಲವು ಸಾವಕಾರನಿಗೆ ಹೋಯಿತು. ಕಾಯಿದೆಯು ವ್ಯಾಜ್ಯದ ಕಾಲದಲ್ಲಿ ಸಾಲಗಾರನ ಪಕ್ಕದಲ್ಲಿ ನಿಲ್ಲುತ್ತಿತ್ತು. ಬಿತ್ತನೆಯಿಂದ ಸುಗ್ಗಿಯವರೆಗೆ, ಕೈಯಲ್ಲಿ ಹಣವಿರುವಾಗಲೂ ಇಲ್ಲದಿರುವಾಗಲೂ, ಅವನ ಪಕ್ಕದಲ್ಲಿ ನಿಲ್ಲುವವರು ಯಾರೂ ಇರಲಿಲ್ಲ.

೪

ಮೂರನೆಯ ದಾರಿಯ ಶೋಧವು ನಡೆದುದು ದೂರದ ಜರ್ಮನ್ ದೇಶದಲ್ಲಿ. ೧೮೧೮ರಲ್ಲಿ ಹುಟ್ಟಿದ ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಎಂಬವನು ರೈನ್ ನದಿಯ ಸೀಮೆಯ ಬಡ ಹಳ್ಳಿಗಳಿಗೆ ಆಡಳಿತಾಧಿಕಾರಿಯಾಗಿದ್ದನು. ೧೮೪೬-೪೭ರ ಚಳಿಗಾಲದಲ್ಲಿ ಅಲ್ಲಿ ಬರವು ಬಿದ್ದಾಗ ಅವನು ಉಳ್ಳವರಿಂದ ಹಣವನ್ನು ಕೂಡಿಸಿ, ಧಾನ್ಯವನ್ನು ತರಿಸಿ, ರೊಟ್ಟಿಯನ್ನು ಮಾಡಿಸಿ ಬಡವರಿಗೆ ಒದಗಿಸಿದನು. ೧೮೪೯ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿ ಶ್ರೀಮಂತರ ಹೊಣೆಯ ಮೇಲೆ ಒಂದು ಸಹಾಯ ಸಂಘವನ್ನು ಕಟ್ಟಿ, ಬಡ ರೈತರಿಗೆ ದನಗಳನ್ನು ಕೊಳ್ಳಲು ಕಂತಿನ ಸಾಲವನ್ನು ಕೊಡಿಸಿದನು. ಆದರೆ ಕಾಲಕ್ರಮದಲ್ಲಿ ಅವನು ಒಂದನ್ನು ಕಂಡುಕೊಂಡನು. ದಾನಿಗಳ ಉತ್ಸಾಹವು ಬಹುಕಾಲ ನಿಲ್ಲುವುದಿಲ್ಲ. ಪಡೆಯುವವನಿಗೂ ದಾನದಿಂದ ಬೆನ್ನು ನೆಟ್ಟಗಾಗುವುದಿಲ್ಲ. ೧೮೬೪ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬ ಊರಿನಲ್ಲಿ ಅವನು ಸ್ಥಾಪಿಸಿದ ಸಾಲದ ಸಂಘದಲ್ಲಿ ಸಾಲವನ್ನು ಬೇಕೆನ್ನುವವರೇ ಸದಸ್ಯರಾದರು. ಕಣ್ಣಿನ ಬೇನೆಯಿಂದ ದೃಷ್ಟಿಯು ಕುಂದಿ ಅಧಿಕಾರವನ್ನು ಬಿಡಬೇಕಾಗಿ ಬಂದ ಮೇಲೂ ಅವನು ಮಗಳ ನೆರವಿನಿಂದ ಈ ಸಂಘಗಳ ವಿಷಯವಾಗಿ ಗ್ರಂಥವನ್ನು ರಚಿಸಿ ೧೮೬೬ರಲ್ಲಿ ಪ್ರಕಟಿಸಿದನು. ೧೮೮೮ರಲ್ಲಿ ತೀರಿಕೊಂಡನು.

ರೈಫೈಸನ್ನನ ಪದ್ಧತಿಯಲ್ಲಿ ಹಣಕ್ಕಿಂತ ಮುಖ್ಯವಾದುದು ಹೊಣೆ. ಸಂಘದ ಸೀಮೆಯು ಒಬ್ಬರನ್ನೊಬ್ಬರು ಬಲ್ಲಷ್ಟು ಚಿಕ್ಕದಾಗಿರಬೇಕು. ಸಂಘವು ಹೊರಗಿನಿಂದ ತಂದ ಸಾಲಕ್ಕೆ ಎಲ್ಲ ಸದಸ್ಯರೂ ತಮ್ಮ ಸರ್ವಸ್ವದಿಂದ ಹೊಣೆಗಾರರು. ಸಾಲವನ್ನು ಕೇಳುವವನು ಯಾವ ಕೆಲಸಕ್ಕೆಂದು ಹೇಳಬೇಕು, ಜಾಮೀನುದಾರರನ್ನು ತರಬೇಕು, ಹೇಳಿದ ಕೆಲಸಕ್ಕೇ ಅದನ್ನು ಉಪಯೋಗಿಸಬೇಕು. ಎತ್ತಿಗೆಂದು ತಂದ ಹಣವು ಎತ್ತಾಗಿ ಕೊಟ್ಟಿಗೆಯಲ್ಲಿ ಕಟ್ಟಿದೆಯೋ ಇಲ್ಲವೋ ಎಂಬುದನ್ನು ನೆರೆಯವರು ನೋಡುವರು, ಏಕೆಂದರೆ ಅವನು ತಪ್ಪಿದರೆ ಆ ಭಾರವು ಅವರ ಮೇಲೆ ಬೀಳುತ್ತದೆ. ಆಡಳಿತದವರಿಗೆ ಸಂಬಳವಿಲ್ಲ, ಲಾಭವು ಹಂಚಿಹೋಗದೆ ಕಾಪುನಿಧಿಯಲ್ಲಿ ನಿಲ್ಲುತ್ತದೆ. ಸಾಲವನ್ನು ಮುಚ್ಚಿಡುವಂತೆ ಮಾಡುತ್ತಿದ್ದ ಲಜ್ಜೆಯು ಇಲ್ಲಿ ಮತ್ತೊಂದು ರೂಪವನ್ನು ತಾಳಿತು. ಎಲ್ಲರೂ ಸಾಲಗಾರರಾಗಿರುವಲ್ಲಿ ಸಾಲವಿರುವುದು ನಾಚಿಕೆಯಲ್ಲ. ಕಂತನ್ನು ತಪ್ಪಿಸುವುದೇ ನಾಚಿಕೆ.

೫

ಮದರಾಸು ಸರಕಾರದ ಆಜ್ಞೆಯಂತೆ ಯೂರೋಪಿನ ಈ ಸಂಘಗಳನ್ನು ಅಭ್ಯಾಸಮಾಡಿದ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯು ೧೮೯೫ರಲ್ಲಿಯೂ ೧೮೯೭ರಲ್ಲಿಯೂ ಎರಡು ಸಂಪುಟಗಳ ವರದಿಯನ್ನು ಹೊರಡಿಸಿದನು. ಈ ದೇಶಕ್ಕೆ ಬೇಕಾದುದು ರೈಫೈಸನ್ನನಂಥ ಪುರುಷನೆಂಬುದೇ ಅದರ ಸಾರವಾಗಿತ್ತು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಅಂಗೀಕೃತವಾಯಿತು. ಒಂದು ಊರಿನ ಹತ್ತು ಜನರು ಕೂಡಿ ಸಂಘವನ್ನು ಮಾಡಬಹುದು. ಗ್ರಾಮಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲಿಗರೇ ಇರಬೇಕು. ಅವರ ಹೊಣೆಯು ಅಪರಿಮಿತವಾಗಿರಬೇಕು. ವರ್ಷಕ್ಕೊಮ್ಮೆ ರಿಜಿಸ್ಟ್ರಾರರ ಕಡೆಯಿಂದ ಲೆಕ್ಕತಪಾಸಣೆಯು ನಡೆಯಬೇಕು.

ಕನ್ನಡ ನಾಡಿನ ಧಾರವಾಡ ಜಿಲ್ಲೆಯು ಆಗ ಸೂಪೆಯಿದ್ದ ಮುಂಬಯಿ ಇಲಾಖೆಗೇ ಸೇರಿತ್ತು. ಅಲ್ಲಿಯ ಎರೆಭೂಮಿಯೂ ಹತ್ತಿಯ ಸೀಮೆಯೇ; ೧೮೭೬ರ ಕ್ಷಾಮವು ಆ ಸೀಮೆಯನ್ನೂ ಬಿಡದೆ ತಿಂದಿತ್ತು. ಆ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಗಿ ತಮ್ಮ ಊರಿನ ಒಕ್ಕಲಿಗರನ್ನು ಕೂಡಿಸಿ ಹೊಸ ಕಾಯಿದೆಯಂತೆ ಪತ್ತಿನ ಸಂಘವನ್ನು ಸ್ಥಾಪಿಸಿದರು. ಹಿಂದುಸ್ಥಾನದ ಕೃಷಿ ಪತ್ತಿನ ಸಂಘಗಳಲ್ಲಿ ಇದೇ ಮೊದಲನೆಯದೆಂಬ ಕೀರ್ತಿಯನ್ನು ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಮೈಸೂರು ಸಂಸ್ಥಾನವೂ ಅದೇ ೧೯೦೫ರಲ್ಲಿ ತನ್ನ ಸಹಕಾರಿ ಕಾಯಿದೆಯನ್ನು ಮಾಡಿತು.

ಅಪರಿಮಿತ ಹೊಣೆಯೆಂಬುದು ಕೇಳಲು ಸುಲಭವಾದ ಮಾತು. ನೆರೆಯವನ ಸಾಲಕ್ಕೆ ತನ್ನ ಹೊಲಮನೆಗಳನ್ನು ಒಡ್ಡಿ ರುಜುಮಾಡುವುದು ಸುಲಭವಾದ ಕೆಲಸವಲ್ಲ. ತಂದೆಯ ಕಾಲದ ಪತ್ರವನ್ನೇ ಬಿಚ್ಚಿ ನೋಡಲು ಹೆದರುತ್ತಿದ್ದ ಸೀಮೆಯ ಜನರು ಈಗ ಸಭೆಯಲ್ಲಿ ಕುಳಿತು, ತಮಗೆ ಯಾರಿಗೆ ಎಷ್ಟು ಕೊಡುವುದಿದೆ, ಎಷ್ಟು ಎಕರೆ ಅಡವಿದೆ, ಈ ವರ್ಷ ಎಷ್ಟು ಕಟ್ಟಬಲ್ಲೆವು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಯಿತು. ಸಂಘದ ನಿಜವಾದ ಬಂಡವಾಳವು ಈ ಬಾಯಿಬಿಡುವಿಕೆಯೇ ಆಗಿತ್ತು. ಒಬ್ಬನು ಕಂತನ್ನು ತಪ್ಪಿಸಿದಾಗ ಪಂಚರು ಮೊದಲು ವಿಚಾರಿಸತಕ್ಕುದು ಕಾರಣವನ್ನು. ಮಳೆಯು ತಪ್ಪಿದ್ದರೆ, ಎತ್ತು ಸತ್ತಿದ್ದರೆ ವಾಯಿದೆಯನ್ನು ಮುಂದೂಡಲು ನಿಯಮವು ಅವಕಾಶವನ್ನು ಕೊಡುತ್ತದೆ. ಕೈಯಲ್ಲಿ ಹಣವಿದ್ದೂ ಕಟ್ಟದವನಿಗೆ ಆ ದಾಕ್ಷಿಣ್ಯವಿಲ್ಲ. ಸಾವಕಾರನಿಗೆ ಸಾಲಗಾರನ ಕುರುಡುತನದಿಂದ ಲಾಭವಿತ್ತು. ಸಂಘಕ್ಕೆ ಅವನ ತಿಳಿವಳಿಕೆಯಲ್ಲದೆ ಬೇರೆ ರಕ್ಷಣೆಯಿಲ್ಲ.

ಹಿಂದಿನ ಲೆಕ್ಕವನ್ನೇ ಈ ದಾರಿಯಿಂದ ನೋಡಬಹುದು. ಅದೇ ೧೦೦ ರೂಪಾಯಿಗಳನ್ನು ರೂಪಾಯಿಗೆ ವರ್ಷಕ್ಕೆ ಒಂದೂವರೆ ಆಣೆಯ ಬಡ್ಡಿಯಂತೆ ಸಂಘದಿಂದ ಪಡೆದು, ವರ್ಷಕ್ಕೆ ೨೫ ರೂಪಾಯಿ ಅಸಲನ್ನೂ ಉಳಿದ ಅಸಲಿನ ಬಡ್ಡಿಯನ್ನೂ ಕಟ್ಟುತ್ತ ಬಂದರೆ, ನಾಲ್ಕು ವರ್ಷಗಳಲ್ಲಿ ಒಟ್ಟು ೧೨೩ ರೂಪಾಯಿ ೭ ಆಣೆಗಳಿಗೆ ಸಾಲವು ಮುಗಿಯುತ್ತದೆ. ಒಂದು ಕಡೆ ಒಂಬತ್ತು ವರ್ಷಗಳಾದರೂ ಮುಗಿಯದೆ ನಿಂತ ೫೦೮ ರೂಪಾಯಿ, ಇನ್ನೊಂದು ಕಡೆ ನಾಲ್ಕು ವರ್ಷಗಳಲ್ಲಿ ಹರಿದುಹೋದ ಪತ್ರ. ಈ ಅಂತರಕ್ಕೆ ಬಡ್ಡಿಯ ದರವು ಒಂದು ಕಾರಣ ಮಾತ್ರ. ವರ್ಷವರ್ಷವೂ ಲೆಕ್ಕದ ಮುಂದೆ ಕುಳಿತುಕೊಳ್ಳುವ ನಿಯಮವು ಇನ್ನೊಂದು ಕಾರಣ.

೬

ಈ ದಾರಿಯೂ ನಿಷ್ಕಂಟಕವಾಗಿರಲಿಲ್ಲವೆಂಬುದನ್ನು ಇತಿಹಾಸವು ಮರೆಮಾಡುವುದಿಲ್ಲ. ೧೯೧೫ರಲ್ಲಿ ಎಡ್ವರ್ಡ್ ಮ್ಯಾಕ್ಲಗನ್ ಅವರ ಅಧ್ಯಕ್ಷತೆಯ ಸಮಿತಿಯು ದೇಶದ ಸಂಘಗಳನ್ನು ಪರೀಕ್ಷಿಸಿ ವರದಿಯನ್ನಿತ್ತಾಗ ದೋಷಗಳ ಪಟ್ಟಿಯು ಚಿಕ್ಕದಾಗಿರಲಿಲ್ಲ. ಅನೇಕ ಕಡೆ ಸದಸ್ಯರು ಸಂಘವನ್ನು ಕಡಮೆ ಬಡ್ಡಿಗೆ ಹಣವನ್ನು ಕೊಡುವ ಸರಕಾರದ ಅಂಗಡಿಯೆಂದು ತಿಳಿದಿದ್ದರು. ಪಂಚರು ತಮ್ಮವರಿಗೆ ಸಾಲವನ್ನು ಕೊಡುವುದೂ, ಸುಸ್ತಿಯನ್ನು ಕಂಡೂ ಕಾಣದಂತಿರುವುದೂ ನಡೆದಿತ್ತು. ಹಳೆಯ ಸಾಲವನ್ನು ಹೊಸ ಸಾಲದಿಂದ ಪುಸ್ತಕದಲ್ಲಿಯೇ ತೀರಿಸಿದಂತೆ ಬರೆಯುವ ಸಂಘವು ಸೂಪೆಯ ಸಾವಕಾರನು ಮೂರು ವರ್ಷಕ್ಕೊಮ್ಮೆ ಮಾಡುತ್ತಿದ್ದುದನ್ನೇ ಬೇರೆ ಹೆಸರಿನಿಂದ ಮಾಡುತ್ತದೆ. ಮೊದಲು ಸಾಲಗಾರನೊಬ್ಬನೇ ಕಣ್ಣು ಮುಚ್ಚುತ್ತಿದ್ದನು. ಅಂತಹ ಸಂಘದಲ್ಲಿ ಇಡೀ ಊರೇ ಕಣ್ಣು ಮುಚ್ಚುತ್ತದೆ. ೧೯೫೪ರಲ್ಲಿ ಪ್ರಕಟವಾದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯು ೧೯೫೧-೫೨ರಲ್ಲಿ ಒಕ್ಕಲಿಗರು ಪಡೆದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ೩.೧ ಮಾತ್ರವೆಂದು ತೋರಿಸಿತು. ಅರ್ಧ ಶತಮಾನದ ಯತ್ನಕ್ಕೆ ಇದು ಅಲ್ಪಫಲವೆಂದೇ ಹೇಳಬೇಕು. ಸಂಘಗಳಿಗೆ ಹಣವು ಕಡಮೆಯಾದುದು ಇದಕ್ಕೆ ಒಂದು ಕಾರಣ. ಹೊಣೆಯನ್ನು ಕಾಗದದಲ್ಲಿ ಹೊತ್ತವರು ಮನಸ್ಸಿನಲ್ಲಿ ಹೊರದೆ ಹೋದುದೂ ಒಂದು ಕಾರಣ.

ಆದರೂ ಮೂರು ದಾರಿಗಳನ್ನು ಒಟ್ಟಿಗೆ ತೂಗಿ ನೋಡಿದರೆ ಅವುಗಳ ಬೆಲೆಯು ತಿಳಿಯುತ್ತದೆ. ಬೆಂಕಿಯು ಲೆಕ್ಕವನ್ನು ಅಳಿಸಿತು. ಕಾಯಿದೆಯು ಲೆಕ್ಕವನ್ನು ಕೇಳುವ ಹಕ್ಕನ್ನು ಕೊಟ್ಟಿತು. ಅದು ಇಲ್ಲದಿದ್ದರೆ ಮುಂದಿನ ಯತ್ನಕ್ಕೆ ನೆಲೆಯೇ ಇರುತ್ತಿರಲಿಲ್ಲ. ಆದರೆ ಆ ಹಕ್ಕನ್ನು ಉಪಯೋಗಿಸುವ ಧೈರ್ಯವು ಒಕ್ಕಲಿಗನಿಗೆ ಬಂದುದು ಪಕ್ಕದಲ್ಲಿ ತನ್ನಂತೆಯೇ ಸಾಲಗಾರರಾದ ಒಂಬತ್ತು ಜನರು ಕುಳಿತಾಗ. ಅವರು ಅವನನ್ನು ಹಂಗಿಸಲು ಬಂದವರಲ್ಲ, ದಾನ ಕೊಡಲು ಬಂದವರೂ ಅಲ್ಲ. ಅವನ ಕಂತಿನಲ್ಲಿ ತಮ್ಮ ಹೊಲವೂ ಅಡಗಿರುವುದರಿಂದ, ಎಷ್ಟಾಯಿತು, ಇನ್ನೆಷ್ಟಿದೆ ಎಂದು ಸಲುಗೆಯಿಂದ ಕೇಳುವ ಅಧಿಕಾರವಿದ್ದವರು.

ಇಂದಿನ ಮನೆಗಳಲ್ಲಿ ಸಾವಕಾರನ ವಹಿಯ ಬದಲು ಬೇರೆ ಬಗೆಯ ಕಾಗದಗಳು ಬರುತ್ತವೆ. ಬಿಚ್ಚದ ಲಕೋಟೆಯೊಳಗೆ ಬಡ್ಡಿಯು ಬೆಳೆಯುವ ಕ್ರಮವು ಮಾತ್ರ ೧೮೫೯ರಲ್ಲಿದ್ದಂತೆಯೇ ಇದೆ. ಅಂತಹ ಮನೆಯಲ್ಲಿ ಗಂಡನು ಹೆಂಡತಿಯೆದುರಿಗೆ, ತಮ್ಮನು ಅಣ್ಣನೆದುರಿಗೆ, ಇಲ್ಲವೆ ಒಬ್ಬ ನಂಬಿಗೆಯ ಸ್ನೇಹಿತನೆದುರಿಗೆ ಆ ಲಕೋಟೆಯನ್ನು ಬಿಚ್ಚಿ ಮೊತ್ತವನ್ನು ಗಟ್ಟಿಯಾಗಿ ಓದಿದರೆ, ಗದಗ ಸೀಮೆಯ ಒಕ್ಕಲಿಗರು ೧೯೦೫ರಲ್ಲಿ ಮಾಡಿದ ಕೆಲಸದ ಮೊದಲನೆಯ ಭಾಗವು ಅಲ್ಲಿಯೂ ನಡೆದಂತಾಗುತ್ತದೆ. ಉಳಿದುದು ಕಂತಿನ ಕೆಲಸ. ಅದು ವರ್ಷಗಳನ್ನು ತೆಗೆದುಕೊಳ್ಳುತ್ತದೆ. ಕೊನೆಗೆ ಯಾಜ್ಞವಲ್ಕ್ಯನು ಹೇಳಿದಂತೆ ಪತ್ರವನ್ನು ಹರಿದುಹಾಕುವ ದಿನವೂ ಬರುತ್ತದೆ.